ಗಾನ್ಸ್‌ಬಾಯ್: ಪಂಜರ ಇತ್ತು, ನೀರಿತ್ತು, ಬಿಳಿ ಶಾರ್ಕ್ ಮಾತ್ರ ಇರಲಿಲ್ಲ

ದಡದಕಾಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಸಾಹಸದ ಕಥೆ ಅಲ್ಲ. ಹೊಟ್ಟೆಯುರಿಯ ಕಥೆ.

ಗ್ರೇಟ್ ವೈಟ್ ಶಾರ್ಕ್ ನೋಡಬೇಕು ಅಂತ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್‌ಗೆ ಹೋಗಿದ್ದೆ. ಕೇಪ್ ಟೌನ್‌ನಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಪಕ್ಕದ ಕ್ಲೈನ್‌ಬಾಯ್ ಅನ್ನುವ ಪುಟ್ಟ ಬಂದರಿನಿಂದ ದೋಣಿ ಹೊರಡುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಖಾಲಿ ಹೊಟ್ಟೆಯಲ್ಲಿ ಹೊರಟವನು ನಾನು. ಆ ತಪ್ಪಿನ ಫಲ ಆಮೇಲೆ ಗೊತ್ತಾಯಿತು.

ಇಪ್ಪತ್ತು ನಿಮಿಷ ಹೋಗಿ ಲಂಗರು ಹಾಕಿದರು. ಪಂಜರವನ್ನು ದೋಣಿಯ ಪಕ್ಕಕ್ಕೆ ಕಟ್ಟಿ ನೀರಿಗಿಳಿಸಿದರು. ಹಿಂದೆ ಒಬ್ಬ ಹುಡುಗ ಡ್ರಮ್ಮಿನಿಂದ ಮೀನಿನ ಎಣ್ಣೆ, ರುಬ್ಬಿದ ಮೀನು, ಉಪ್ಪುನೀರು ಬೆರೆಸಿದ ಸಾರನ್ನು ಸಮುದ್ರಕ್ಕೆ ಸುರಿಯುತ್ತಲೇ ಇದ್ದ. ಚಮ್ ಅನ್ನುತ್ತಾರೆ ಅದಕ್ಕೆ. ವಾಸನೆ ವರ್ಣಿಸುವುದಿಲ್ಲ, ನಿಮ್ಮಲ್ಲಿ ಯಾರಾದರೂ ಊಟ ಮಾಡುತ್ತಾ ಓದುತ್ತಿರಬಹುದು.

ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಮೇಲಿಂದ ಕೂಗು: "ಡೌನ್! ಡೌನ್! ಲೆಫ್ಟ್!" ಉಸಿರು ಬಿಗಿಹಿಡಿದು ಮುಳುಗಿದೆ. ಹಸಿರು ನೀರಿನೊಳಗಿಂದ ಕಂದು ಬಣ್ಣದ್ದೇನೋ ಬಂತು, ಹೋಯಿತು. ಎರಡು ಮೀಟರ್ ಇರಬಹುದು. ಬ್ರಾಂಜ್ ವೇಲರ್ ಅಂತೆ, ತಾಮ್ರದ ಬಣ್ಣದ ಶಾರ್ಕ್. ಚೆನ್ನಾಗಿಯೇ ಇತ್ತು. ಆದರೆ ನಾನು ಬಂದದ್ದು ಅದಕ್ಕಲ್ಲವಲ್ಲ!

ದಡಕ್ಕೆ ಬಂದು ಕೇಳಿದೆ, ಕೊನೆಯ ಸಲ ಬಿಳಿ ಶಾರ್ಕ್ ನೋಡಿದ್ದು ಯಾವಾಗ ಅಂತ. "ಸಮುದ್ರ ಅಲ್ವಾ, ಹೇಳುವುದಕ್ಕಾಗುವುದಿಲ್ಲ" ಅಂದರು. ಸ್ವಲ್ಪ ಒತ್ತಾಯ ಮಾಡಿದ ಮೇಲೆ ಇನ್ನೊಬ್ಬರು ಮೆಲ್ಲಗೆ, "ತಿಂಗಳುಗಳೇ ಆದವು" ಅಂದರು. ಜಾಲತಾಣದಲ್ಲಿ ಮಾತ್ರ ಇವತ್ತಿಗೂ ಬಾಯಿ ತೆರೆದ ಬಿಳಿ ಶಾರ್ಕ್ ಫೋಟೊ. ಶಾರ್ಕ್ ಕಾಣದಿದ್ದರೆ ಇನ್ನೊಂದು ಸಲ ಉಚಿತ ಅಂತ ಬರೆದಿದ್ದರು. ಕೇಳಿದರೆ, "ಶಾರ್ಕ್ ಕಂಡಿತಲ್ಲ ಸರ್!" ಕಂಡಿತು, ನಿಜ.

ಕಂಪನಿ ಹೆಸರು ಹಾಕುವುದಿಲ್ಲ, ಜಗಳ ಬೇಡ. ನನ್ನ ಪ್ರಶ್ನೆ ಇಷ್ಟೇ. ನಾನು ಮೋಸ ಹೋದೆನೋ, ಇಲ್ಲ ಸರಿಯಾಗಿ ಓದಿಕೊಳ್ಳದೆ ಹೋದೆನೋ?

ಉಪ್ಪುನೀರು

ಎರಡೂ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಅಲ್ಲಿಗೆ ಹೋಗಿದ್ದು 2014ರ ಜೂನ್‌ನಲ್ಲಿ. ಒಂದೇ ಬೆಳಿಗ್ಗೆ ಏಳು ಬಿಳಿ ಶಾರ್ಕ್ ಬಂದವು. ಗೈಡ್ ಒಂದೊಂದರ ಬೆನ್ನಿನ ರೆಕ್ಕೆಯ ಅಂಚು ನೋಡಿ, "ಇದು ನಿನ್ನೆ ಬಂದಿತ್ತು, ಇದು ಹೊಸದು" ಅನ್ನುತ್ತಿದ್ದ. ಆ ಅಂಚಿನ ಸೀಳು, ಕಚ್ಚುಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಬೆರಳಚ್ಚು ಇದ್ದ ಹಾಗೆ. ಆಗ ಗಾನ್ಸ್‌ಬಾಯ್‌ಗೆ ಹೋಗಿ ಬಿಳಿ ಶಾರ್ಕ್ ಕಾಣದೆ ಬರುವುದೇ ಸುದ್ದಿ.

ಅಲ್ಲಿಗೇ ಅವು ಯಾಕೆ ಬರುತ್ತಿದ್ದವು ಅಂದರೆ ಸೀಲ್‌ಗಳಿಗಾಗಿ. ತೀರದಿಂದ ಕೆಲವೇ ಕಿಲೋಮೀಟರ್ ಆಚೆ ಡೈಯರ್ ದ್ವೀಪ, ಅದರ ಪಕ್ಕದಲ್ಲೇ ಗೀಸರ್ ರಾಕ್ ಅನ್ನುವ ಬಂಡೆ. ಆ ಬಂಡೆಯ ಮೇಲೆ ಸುಮಾರು 60,000 ಕೇಪ್ ಫರ್ ಸೀಲ್‌ಗಳು. ಎರಡರ ನಡುವಿನ ಇಕ್ಕಟ್ಟಾದ ನೀರಿಗೆ ಶಾರ್ಕ್ ಆ್ಯಲಿ ಅಂತಲೇ ಹೆಸರು. ಅಲ್ಲಿ ಜೂನ್, ಜುಲೈ ಅಂದರೆ ಚಳಿಗಾಲ. ಆಗ ಆ ವರ್ಷದ ಸೀಲ್ ಮರಿಗಳು ಈಜು ಕಲಿತು ಒಂಟಿಯಾಗಿ ಹೊರಗೆ ಹೋಗುತ್ತವೆ. ಶಾರ್ಕ್‌ಗೆ ಹಬ್ಬ. ಬೇಸಿಗೆಯಲ್ಲಿ ಶಾರ್ಕ್‌ಗಳು ದಡದ ಹತ್ತಿರದ ಆಳವಿಲ್ಲದ ನೀರಿಗೆ ಬರುತ್ತಿದ್ದವು.

2017ರಲ್ಲಿ ಎಲ್ಲ ತಲೆಕೆಳಗಾಯಿತು. ಅದನ್ನು ಮೀನುಮರಿ ಹೇಳಲಿ, ಅವರ ಓದೇ ಅದು.

ಹುಳಿಮಾತು

ಸಮುದ್ರಕ್ಕೆ ಮೀನಿನ ಸಾರು ಸುರಿದು, ಕಾಡುಪ್ರಾಣಿಯನ್ನು ಕರೆದು, ಕಬ್ಬಿಣದ ಹಿಂದೆ ನಿಂತು "ಅಯ್ಯೋ ಭಯ" ಅನ್ನುವುದು. ಅದು ಬರಲಿಲ್ಲ ಅಂತ ಹಣ ವಾಪಸ್ ಕೇಳುವುದು. ಶಾರ್ಕ್‌ಗೆ ಬುದ್ಧಿ ಬಂದಿರಬೇಕು.

ದಡದಕಾಗೆ

ಹುಳಿಮಾತು ಅವರೇ, ಹೆಸರಿಗೆ ತಕ್ಕ ಮಾತು. ಆದರೆ ಹಣ ವಾಪಸ್ ಕೇಳಲಿಲ್ಲ ನಾನು. ನಿಜ ಹೇಳಿ ಅಂತ ಕೇಳಿದೆ.

ಮೀನುಮರಿ

ಉಪ್ಪುನೀರು ಸರ್ ನನ್ನ ತಲೆಗೆ ಕಟ್ಟಿದ್ದಾರೆ, ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಪೋರ್ಟ್, ಸ್ಟಾರ್‌ಬೋರ್ಡ್ ಅಂತ ಎರಡು ಗಂಡು ಓರ್ಕಾಗಳಿವೆ. ಕಿಲ್ಲರ್ ವೇಲ್ ಅನ್ನುತ್ತಾರಲ್ಲ, ಅವೇ. ಎರಡರದ್ದೂ ಬೆನ್ನಿನ ರೆಕ್ಕೆ ಬಾಗಿ ಬಿದ್ದಿದೆ. ಒಂದರದ್ದು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ. ಹಡಗಿನವರು ಎಡಗಡೆಗೆ ಪೋರ್ಟ್, ಬಲಗಡೆಗೆ ಸ್ಟಾರ್‌ಬೋರ್ಡ್ ಅನ್ನುತ್ತಾರಲ್ಲ, ಅದೇ ಹೆಸರು. ಕೇಪ್ ಟೌನ್ ಪಕ್ಕದ ಫಾಲ್ಸ್ ಬೇಯಲ್ಲಿ ಇವು ಮೊದಲು ಸೆವೆನ್‌ಗಿಲ್ ಅನ್ನುವ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದವು. 2017ರಲ್ಲಿ ಗಾನ್ಸ್‌ಬಾಯ್ ತೀರಕ್ಕೆ ಬಿಳಿ ಶಾರ್ಕ್‌ಗಳ ಹೆಣ ಬಂದು ಬೀಳತೊಡಗಿದವು. ಮೈಯೆಲ್ಲ ಹಾಗೇ ಇದೆ, ಎದೆಯ ಹತ್ತಿರ ಒಂದು ಸೀಳು, ಒಳಗೆ ಲಿವರ್ ಮಾತ್ರ ಇಲ್ಲ. ಯಾರೋ ಅಳತೆ ನೋಡಿ ಕೊಯ್ದ ಹಾಗೆ. ಅಲ್ಲಿಂದ 2022ರವರೆಗೆ ಎಂಟು ಹೆಣ ಸಿಕ್ಕವು, ಏಳರಲ್ಲಿ ಲಿವರ್ ಇರಲಿಲ್ಲ.

ಲಿವರ್ ಯಾಕೆ? ಶಾರ್ಕ್‌ಗೆ ಬೇರೆ ಮೀನುಗಳ ಹಾಗೆ ಗಾಳಿಚೀಲ ಇಲ್ಲ. ಎಣ್ಣೆ ತುಂಬಿದ ದೊಡ್ಡ ಲಿವರ್ ಅದನ್ನು ತೇಲಿಸುತ್ತದೆ. ಎಣ್ಣೆ ಅಂದರೆ ಶಕ್ತಿ. ಇಡೀ ಶಾರ್ಕ್‌ನಲ್ಲಿ ಅತಿ ರುಚಿಯ ಭಾಗ ಯಾವುದು ಅಂತ ಆ ಎರಡು ಓರ್ಕಾಗಳಿಗೆ ಚೆನ್ನಾಗಿ ಗೊತ್ತು.

2022ರ ಮೇ ತಿಂಗಳಲ್ಲಿ ಗಾನ್ಸ್‌ಬಾಯ್‌ಗಿಂತ ಪೂರ್ವಕ್ಕಿರುವ ಮೊಸೆಲ್ ಬೇ ಅನ್ನುವ ಕೊಲ್ಲಿಯಲ್ಲಿ ಡ್ರೋನ್‌ಗೆ ಈ ಬೇಟೆ ಸಿಕ್ಕಿಬಿತ್ತು. ಓರ್ಕಾಗಳು ಬಿಳಿ ಶಾರ್ಕ್ ಕೊಲ್ಲುವುದನ್ನು ಮೇಲಿನಿಂದ ಅಷ್ಟು ಸ್ಪಷ್ಟವಾಗಿ ಜನ ನೋಡಿದ್ದು ಆಗಲೇ. 2023ರಲ್ಲಿ ಅದೇ ಕೊಲ್ಲಿಯಲ್ಲಿ ಸ್ಟಾರ್‌ಬೋರ್ಡ್ ಒಂದೇ ಬಂದು ಎರಡೂವರೆ ಮೀಟರಿನ ಎಳೆಯ ಬಿಳಿ ಶಾರ್ಕನ್ನು ಎರಡು ನಿಮಿಷದೊಳಗೆ ಮುಗಿಸಿತು. ಒಂಟಿಯಾಗಿ. ಓರ್ಕಾಗಳು ಗುಂಪಿನಲ್ಲೇ ಬೇಟೆಯಾಡುತ್ತವೆ ಅಂತ ಓದಿದ್ದ ನಮಗೆಲ್ಲ ಬಾಯಿ ಕಟ್ಟಿತು.

ಈಗ ಮುಖ್ಯ ವಿಷಯ. ಓರ್ಕಾ ಎಲ್ಲ ಶಾರ್ಕ್‌ಗಳನ್ನೂ ತಿಂದು ಮುಗಿಸಿಲ್ಲ. ಒಂದು ಸತ್ತರೆ ಉಳಿದವು ಜಾಗ ಬಿಡುತ್ತವೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಫ್ಯಾರಲೋನ್ ದ್ವೀಪಗಳ ಹತ್ತಿರ ಹೀಗೇ ಆಗಿತ್ತು. ಪ್ರವಾಸಿಗರ ಕಣ್ಣೆದುರೇ ಓರ್ಕಾ ಒಂದು ಬಿಳಿ ಶಾರ್ಕನ್ನು ಕೊಂದಿತು, ಆಮೇಲೆ ಅಲ್ಲಿನ ಶಾರ್ಕ್‌ಗಳು ಕಾಣೆ. ಗಾನ್ಸ್‌ಬಾಯ್‌ನಲ್ಲೂ ಮೊದಲು ವಾರಗಟ್ಟಲೆ, ಆಮೇಲೆ ತಿಂಗಳುಗಟ್ಟಲೆ ಹೋದವು. ಫಾಲ್ಸ್ ಬೇಯಲ್ಲಿ ಸೀಲ್ ದ್ವೀಪದ ಸುತ್ತ ಶಾರ್ಕ್‌ಗಳು ನೀರಿನಿಂದ ಪೂರ್ತಿ ಮೇಲಕ್ಕೆ ನೆಗೆಯುವ ದೃಶ್ಯಕ್ಕೆ ಜಗತ್ತೇ ಬರುತ್ತಿತ್ತು. 2018ರ ಹೊತ್ತಿಗೆ ಅದೂ ಹೆಚ್ಚುಕಡಿಮೆ ಖಾಲಿ.

ಸುಮ್ನೆ ಓದುವವ

ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಇದೇ ಮೊದಲ ಸಲ ಬರೆಯುವುದು. ಬರುವ ಜುಲೈಗೆ ಗಾನ್ಸ್‌ಬಾಯ್‌ನಲ್ಲಿ ನನಗೂ ಹೆಂಡತಿಗೂ ಪಂಜರ ಬುಕ್ ಮಾಡಿದ್ದೇನೆ. ಈ ಪೋಸ್ಟ್ ಓದಿ ಎದೆ ಧಸಕ್ ಅಂದಿತು. ಕ್ಯಾನ್ಸಲ್ ಮಾಡಲಾ? ಇನ್ನೊಂದು, ನನಗೆ ಈಜು ಬರುವುದಿಲ್ಲ. ನಗಬೇಡಿ.

ಉಪ್ಪುನೀರು

ಯಾಕೆ ನಗಬೇಕು? ಅಲ್ಲಿ ಈಜುವ ಕೆಲಸವೇ ಇಲ್ಲ. ಪಂಜರದ ಮೇಲಿನ ಭಾಗ ನೀರಿನಿಂದ ಹೊರಗೇ ಇರುತ್ತದೆ. ನಿಮ್ಮ ತಲೆಯೂ ಹೊರಗೆ. ಗೈಡ್ ಕೂಗಿದಾಗ ಉಸಿರು ಹಿಡಿದು ಒಳಗಿನ ಸರಳು ಹಿಡಿದು ಕೆಳಕ್ಕೆ ತಗ್ಗುತ್ತೀರಿ, ಶಾರ್ಕ್ ಹೋದ ಮೇಲೆ ಏಳುತ್ತೀರಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಏನೂ ಇಲ್ಲ. ಹಾಗಾಗಿ ಡೈವಿಂಗ್ ಸರ್ಟಿಫಿಕೇಟ್ ಬೇಡ, ಮರುದಿನ ವಿಮಾನ ಹತ್ತಬಾರದು ಅನ್ನುವ ನಿಯಮವೂ ಇದಕ್ಕೆ ಅನ್ವಯಿಸುವುದಿಲ್ಲ.

ಮುಳುಗುವುದೇ ಕಷ್ಟ, ತೇಲುವುದಲ್ಲ. 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ನಿಮ್ಮನ್ನು ಬೆಂಡಿನ ಹಾಗೆ ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಸೊಂಟಕ್ಕೆ ಸೀಸದ ಬೆಲ್ಟ್ ಕಟ್ಟುತ್ತಾರೆ. ಕಾಲನ್ನು ಕೆಳಗಿನ ಸರಳಿನ ಅಡಿಗೆ ಸಿಕ್ಕಿಸಿಕೊಳ್ಳಿ. ಕೈ ಮಾತ್ರ ಒಳಗಿನ ಹಿಡಿಕೆ ಬಿಟ್ಟು ಆಚೆ ಹೋಗಬಾರದು. ಕ್ಯಾಮೆರಾ ಹಿಡಿದ ಕೋಲನ್ನು ಹೊರಗೆ ಚಾಚುವವರನ್ನು ನೋಡಿದ್ದೇನೆ. ಅವರ ಪಕ್ಕ ನಿಲ್ಲಬೇಡಿ.

ಕನ್ನಡಕ ಇದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಿ, ಇಲ್ಲ ನಂಬರ್ ಇರುವ ಮಾಸ್ಕ್ ತನ್ನಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ತಲೆಸುತ್ತು

ನನ್ನ ಸರದಿ. ಹೆಸರು ನೋಡಿ.

ಶಾರ್ಕ್‌ಗೆ ಹೆದರಬೇಡಿ, ಲಂಗರು ಹಾಕಿದ ದೋಣಿಗೆ ಹೆದರಿ. ಓಡುವ ದೋಣಿಯಲ್ಲಿ ಅಷ್ಟು ಆಗುವುದಿಲ್ಲ. ನಿಂತ ದೋಣಿ ಒಂದೇ ಜಾಗದಲ್ಲಿ ಎಲ್ಲ ದಿಕ್ಕಿಗೂ ಓಲಾಡುತ್ತದೆ. ಮೇಲಿಂದ ಆ ಮೀನೆಣ್ಣೆ ವಾಸನೆ. ನಾನು ಮೂರು ಗಂಟೆಯ ಪ್ರವಾಸದಲ್ಲಿ ಎರಡೂವರೆ ಗಂಟೆ ದೋಣಿಯ ಅಂಚಿಗೆ ಒರಗಿಕೊಂಡು ಸಮುದ್ರಕ್ಕೆ ನನ್ನದೇ ಚಮ್ ಹಾಕುತ್ತಿದ್ದೆ. ಅಲ್ಲಿನ ಹುಡುಗ, "ಥ್ಯಾಂಕ್ ಯೂ ಸರ್, ಒಳ್ಳೆಯದಾಯಿತು" ಅಂದ. ನಗಲಿಕ್ಕೂ ಶಕ್ತಿ ಇರಲಿಲ್ಲ.

ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಅದೂ ಹೊರಗೇ ಬರುತ್ತದೆ. ಡಾಕ್ಟರನ್ನು ಕೇಳಿ, ಮೊದಲೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ (ಕಾಗೆಯವರೇ, ಇದು ನಿಮಗೆ). ದಿಗಂತ ನೋಡುತ್ತಾ ನಿಲ್ಲಿ. ಮೊಬೈಲ್ ನೋಡಿದಿರೋ, ಕಥೆ ಮುಗಿಯಿತು. ಆಶ್ಚರ್ಯ ಅಂದರೆ ಪಂಜರದೊಳಗೆ ಇಳಿದ ಕೂಡಲೇ ನನಗೆ ಆರಾಮಾಯಿತು. ತಣ್ಣೀರು ಮುಖಕ್ಕೆ ಹೊಡೆದರೆ ತಲೆಸುತ್ತಿಗೆ ನೆನಪು ಹೋಗುತ್ತದೆ ಅಂತ ಕಾಣುತ್ತದೆ.

ಸುಮ್ನೆ ಓದುವವ

ಎಷ್ಟು ತಣ್ಣಗೆ?

ದಡದಕಾಗೆ

14 ಡಿಗ್ರಿ ಅಂದರು. ವೆಟ್‌ಸೂಟ್ ಹಿಂದಿನ ಪ್ರವಾಸದವರು ಬಿಚ್ಚಿಟ್ಟಿದ್ದು, ಒದ್ದೆ. ಅದರೊಳಗೆ ಕಾಲು ತೂರಿಸುವಾಗ ಬಂದ ಕೂಗು ಶಾರ್ಕ್ ನೋಡಿದಾಗ ಬರಲಿಲ್ಲ.

ನಿಧಾನಿ

ಎಲ್ಲರೂ ಶಾರ್ಕ್ ಅಪಾಯ, ಶಾರ್ಕ್ ಅಪಾಯ ಅನ್ನುತ್ತಾರೆ. 2008ರ ಏಪ್ರಿಲ್‌ನಲ್ಲಿ ಗಾನ್ಸ್‌ಬಾಯ್ ಹತ್ತಿರ ಪಂಜರದ ಪ್ರವಾಸದ ದೋಣಿಯೊಂದು ದೊಡ್ಡ ಅಲೆಗೆ ಮಗುಚಿ ಮೂವರು ಪ್ರವಾಸಿಗರು ಸತ್ತರು. ಶಾರ್ಕ್ ಅವರನ್ನು ಮುಟ್ಟಿರಲಿಲ್ಲ. ಹವಾಮಾನ ಸರಿಯಿಲ್ಲ ಅಂತ ಪ್ರವಾಸ ರದ್ದು ಮಾಡಿದರೆ ಜನ ಕೌಂಟರ್ ಮುಂದೆ ಕೂಗಾಡುತ್ತಾರೆ. ನನ್ನ ಪ್ರಕಾರ ರದ್ದು ಮಾಡುವ ಕಂಪನಿಯೇ ಒಳ್ಳೆಯ ಕಂಪನಿ. ಚಳಿಗಾಲದಲ್ಲಿ ಅಲ್ಲಿ ನೀರು ತಿಳಿ, ಆದರೆ ಬಿರುಗಾಳಿಯೂ ಜಾಸ್ತಿ. ಒಂದೇ ದಿನ ಇಟ್ಟುಕೊಂಡು ಹೋಗಬೇಡಿ. ಎರಡು ಮೂರು ದಿನ ಕೈಯಲ್ಲಿರಲಿ.

ಹುಳಿಮಾತು

ಸರಿ, ದೋಣಿ ಬಿಡಿ. ನನ್ನ ತಕರಾರಿಗೆ ಯಾರೂ ಉತ್ತರ ಕೊಟ್ಟಿಲ್ಲ. ಹೀಗೆ ಎರೆ ತೋರಿಸಿ ಶಾರ್ಕನ್ನು ಮನುಷ್ಯರ ಹತ್ತಿರ ಕರೆದರೆ ಅದು ನಾಳೆ ಈಜುವವರ ಹತ್ತಿರ ಬರುವುದಿಲ್ಲವಾ? ದೋಣಿ ಅಂದರೆ ಊಟ ಅಂತ ಕಲಿಯುವುದಿಲ್ಲವಾ?

ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಕಥೆ ಗೊತ್ತಲ್ಲ. ಅಲ್ಲಿ 30 ಮೀಟರ್ ದೂರ ಕಾಣುವಷ್ಟು ತಿಳಿ ನೀರು. ಜಗತ್ತಿನಲ್ಲೇ ಚಂದದ ಜಾಗ ಅಂತಿದ್ದರು. 2016ರಲ್ಲಿ ಎರೆಯ ಹಿಂದೆ ನುಗ್ಗಿದ ಶಾರ್ಕ್ ಸರಳು ಮುರಿದು ಪಂಜರದೊಳಗೇ ಬಂತು. ಒಳಗಿದ್ದವನು ಹೇಗೋ ಬದುಕಿದ, ಶಾರ್ಕ್ ಮೇಲಿನ ಬಾಗಿಲಿನಿಂದ ಹೊರಬಿತ್ತು. 2019ರಲ್ಲಿ ಇನ್ನೊಂದಕ್ಕೆ ಆ ಅದೃಷ್ಟ ಇರಲಿಲ್ಲ. ಸರಳುಗಳ ನಡುವೆ ತಲೆ ಸಿಕ್ಕಿ, ಒದ್ದಾಡಿ, ಅಲ್ಲೇ ಸತ್ತಿತು. ಆ ವಿಡಿಯೊ ನೋಡಿದ ಮೇಲೆ ನನಗೆ ಈ ಆಟವೇ ಬೇಡ ಅನ್ನಿಸಿತು. 2023ರ ಜನವರಿಯಲ್ಲಿ ಸರ್ಕಾರ ಅಲ್ಲಿ ಶಾರ್ಕ್ ಪ್ರವಾಸೋದ್ಯಮವನ್ನೇ ನಿಲ್ಲಿಸಿತು. ಸರಿಯಾಗೇ ಮಾಡಿತು.

ಉಪ್ಪುನೀರು

ಆ ಸಾವಿಗೆ ಸಮರ್ಥನೆ ಇಲ್ಲ. ಒಪ್ಪುತ್ತೇನೆ. ಶಾರ್ಕ್ ಹಿಂದಕ್ಕೆ ಈಜಲಾರದು, ಅದು ಗೊತ್ತಿದ್ದೂ ತಲೆ ತೂರುವಷ್ಟು ಸಂದಿ ಬಿಟ್ಟ ಪಂಜರ ಕಟ್ಟಿದ್ದು ಮನುಷ್ಯನ ತಪ್ಪು. ಎರೆಯನ್ನು ನೇರ ಪಂಜರದ ಕಡೆಗೇ ಎಳೆಯುವುದು ಇನ್ನೊಂದು ತಪ್ಪು. ಪಕ್ಕಕ್ಕೆ ಎಳೆಯಬೇಕು. ಎರೆ ಎಳೆಯುವವನ ಕೈಯೇ ಇಡೀ ಪ್ರವಾಸ. ನಾನು ದೋಣಿ ಹತ್ತಿದ ಕೂಡಲೇ ನೋಡುವುದು ಅವನನ್ನು, ಪಂಜರವನ್ನಲ್ಲ.

ಆದರೆ ಬಾಯಿ ತೆರೆದು ಪಂಜರ ಕಚ್ಚುವುದೆಲ್ಲ ಕೋಪ ಅಂತ ತಿಳಿಯಬೇಡಿ. ಶಾರ್ಕ್‌ನ ಮೂತಿಯ ತುಂಬ ವಿದ್ಯುತ್ ಗ್ರಹಿಸುವ ಸಣ್ಣ ರಂಧ್ರಗಳಿವೆ. ಉಪ್ಪುನೀರಿನಲ್ಲಿ ಲೋಹ ಇದ್ದರೆ ಸುತ್ತ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಇದೇನು ಅಂತ ಕುತೂಹಲ, ನೋಡಲು ಕೈ ಇಲ್ಲ, ಬಾಯೇ ಕೈ. ಕಚ್ಚುವ ಹೊತ್ತಿಗೆ ಕಣ್ಣನ್ನು ಹಿಂದಕ್ಕೆ ಹೊರಳಿಸಿಕೊಳ್ಳುತ್ತದೆ. ಆಗ ಕಾಣುವ ಬಿಳಿ ಕಣ್ಣು ನೋಡಿ ಜನ ಚೀರುತ್ತಾರೆ. ಪಾಪ, ಅದು ತನ್ನ ಕಣ್ಣು ಕಾಪಾಡಿಕೊಳ್ಳುತ್ತಿರುತ್ತದೆ ಅಷ್ಟೇ.

ಪಂಜರ ಶುರುವಾದ ಕಥೆಯೂ ಹೇಳುತ್ತೇನೆ. 1963ರ ಡಿಸೆಂಬರ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಆಲ್ಡಿಂಗ ಬೀಚ್‌ನಲ್ಲಿ ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆ. ರಾಡ್ನಿ ಫಾಕ್ಸ್ ಅನ್ನುವವರನ್ನು ಬಿಳಿ ಶಾರ್ಕ್ ಎದೆಯಿಂದ ಹಿಡಿಯಿತು. ಪಕ್ಕೆಲುಬು ಮುರಿದು, ಶ್ವಾಸಕೋಶ ತೂತಾಗಿ, ನೂರಾರು ಹೊಲಿಗೆ ಬಿದ್ದು ಬದುಕಿದರು. ಆ ಮನುಷ್ಯ ಮತ್ತೆ ಸಮುದ್ರಕ್ಕಿಳಿದರು. ಮೃಗಾಲಯದಲ್ಲಿ ಸಿಂಹದ ಪಂಜರ ನೋಡಿ, ಇಲ್ಲಿ ಪ್ರಾಣಿ ಒಳಗೆ, ಸಮುದ್ರದಲ್ಲಿ ನಾನು ಒಳಗಿದ್ದರೆ ಹೇಗೆ ಅನ್ನಿಸಿತಂತೆ. ತನ್ನನ್ನು ಕಚ್ಚಿದ ಪ್ರಾಣಿಯನ್ನು ಕಾಪಾಡಿ ಅಂತ ಉಳಿದ ಜೀವನವೆಲ್ಲ ಹೇಳಿಕೊಂಡು ಬಂದರು. ಹುಳಿಮಾತು, ಇದಕ್ಕೇನು ಹೇಳುತ್ತೀರಿ?

ಹುಳಿಮಾತು

ಅವರು ದೊಡ್ಡವರು. ಅವರ ನೆಪದಲ್ಲಿ ಸೆಲ್ಫಿ ತೆಗೆಯುವವರು ದೊಡ್ಡವರಲ್ಲ. ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಮೀನುಮರಿ

ನಾನು ಕೊಡುತ್ತೇನೆ, ಪೂರ್ತಿ ನಿಮ್ಮ ಕಡೆಗೂ ಇಲ್ಲ, ಅವರ ಕಡೆಗೂ ಇಲ್ಲ.

ಎರೆ ಹಾಕಿದರೆ ಶಾರ್ಕ್ ವರ್ತನೆ ಬದಲಾಗುತ್ತದೆ. ಇದು ನಿಜ. ಆಸ್ಟ್ರೇಲಿಯಾದಲ್ಲಿ ಪಂಜರ ಡೈವಿಂಗ್‌ಗೆ ಅನುಮತಿ ಇರುವುದು ನೆಪ್ಚೂನ್ ದ್ವೀಪಗಳಲ್ಲಿ ಮಾತ್ರ. ಅಲ್ಲಿ 2007ರ ನಂತರ ಪ್ರವಾಸಗಳು ಹೆಚ್ಚಾದವು. ಶಾರ್ಕ್‌ಗಳು ಅಲ್ಲಿ ತಂಗುವ ಕಾಲವೂ ಹೆಚ್ಚಾಯಿತು. ಮೊದಲು ಸರಾಸರಿ 11 ದಿನ ಇದ್ದದ್ದು 21 ದಿನ ಆಯಿತು. ಆಮೇಲೆ ಸರ್ಕಾರ ದೋಣಿಗಳಿಗೆ, ದಿನಗಳಿಗೆ ಮಿತಿ ಹಾಕಿತು. ಎರೆಯ ಹಿಂದೆ ಓಡಾಡುವ ಶಾರ್ಕ್ ಶಕ್ತಿಯನ್ನೂ ಜಾಸ್ತಿ ಖರ್ಚು ಮಾಡುತ್ತದೆ. ಊಟ ಸಿಗದೆ ಓಡಿದರೆ ನಷ್ಟ, ಸಿಕ್ಕರೆ ಅಭ್ಯಾಸ. ಈ ಇಕ್ಕಟ್ಟಿಗೆ ಸುಲಭದ ದಾರಿ ಇಲ್ಲ. ಅಲ್ಲೇ ಎರೆ ಬಳಸದೆ ನೀರೊಳಗೆ ರಾಕ್ ಸಂಗೀತ ಹಾಕಿ ಶಾರ್ಕ್ ಕರೆಯುವವರೂ ಇದ್ದಾರೆ. ನಗಬೇಡಿ, ಬರುತ್ತವೆ. ತಗ್ಗಿನ ಶಬ್ದಕ್ಕೆ ಅವುಗಳ ಕಿವಿ ಚುರುಕು.

ಆದರೆ "ಶಾರ್ಕ್ ಮನುಷ್ಯರನ್ನು ತಿನ್ನಲು ಕಲಿಯುತ್ತದೆ" ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಪಂಜರದಲ್ಲಿರುವ ಮನುಷ್ಯನಿಂದ ಅದಕ್ಕೆ ಸಿಗುವುದು ಏನೂ ಇಲ್ಲ. ಸಿಕ್ಕರೆ ದೋಣಿಯ ಹಗ್ಗದಿಂದ ಒಂದು ಟ್ಯೂನಾ ತಲೆ. ಶಾರ್ಕ್ ಕಡಿತದ ಲೆಕ್ಕ ಇಡುವ ಫ್ಲೋರಿಡಾದ ಕಡತದ ಪ್ರಕಾರ 2024ರಲ್ಲಿ ಇಡೀ ಜಗತ್ತಿನಲ್ಲಿ ಕೆಣಕದೆ ಆದ ಕಡಿತ 47. ಎಲ್ಲ ಜಾತಿಯ ಶಾರ್ಕ್‌ಗಳೂ ಸೇರಿ. ಆದರೂ ಸ್ಥಳೀಯರ ಭಯವನ್ನು ತಳ್ಳಿಹಾಕಬಾರದು. ನ್ಯೂಜಿಲೆಂಡ್‌ನ ಸ್ಟೀವರ್ಟ್ ದ್ವೀಪದಲ್ಲಿ ಪಾವಾ ಚಿಪ್ಪು ತೆಗೆಯಲು ಮುಳುಗುವವರು, ನಿಮ್ಮ ಪಂಜರದ ದೋಣಿಯಿಂದ ಶಾರ್ಕ್‌ಗಳು ನಮ್ಮ ಬೆನ್ನು ಹತ್ತುತ್ತಿವೆ ಅಂತ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. ದಿನಾ ಆ ನೀರಿಗೆ ಇಳಿಯುವವರು ಅವರು, ನಾವಲ್ಲ.

ನಿಧಾನಿ

ಮೈಲಿ ದೂರದಿಂದ ಒಂದು ಹನಿ ರಕ್ತದ ವಾಸನೆ ಹಿಡಿಯುತ್ತದೆ ಅನ್ನುತ್ತಾರಲ್ಲ, ಅದು?

ಮೀನುಮರಿ

ಉತ್ಪ್ರೇಕ್ಷೆ. ಮೂಗು ಚುರುಕು, ನಿಜ. ಆದರೆ ವಾಸನೆ ಪ್ರವಾಹದ ಜೊತೆ ಅದರ ಹತ್ತಿರ ಹೋಗಬೇಕಲ್ಲ. ಅದಕ್ಕೇ ಗಂಟೆಗಟ್ಟಲೆ ಸುರಿಯುತ್ತಾರೆ, ಅದಕ್ಕೇ ಕಾಗೆಯವರು ಮುಕ್ಕಾಲು ಗಂಟೆ ಕಾದದ್ದು.

ದಡದಕಾಗೆ

ಒಂದು ಸಂದೇಹ. ತಪ್ಪೆಲ್ಲ ಆ ಎರಡು ಓರ್ಕಾಗಳದ್ದೇನಾ? ನನಗೆ ಪೂರ್ತಿ ನಂಬಿಕೆ ಬರುತ್ತಿಲ್ಲ. ಎರಡು ಪ್ರಾಣಿ ಸೇರಿ ಇಡೀ ಕರಾವಳಿ ಖಾಲಿ ಮಾಡಿದವು ಅಂದರೆ ಮನುಷ್ಯರಿಗೆ ಬಹಳ ಅನುಕೂಲದ ಕಥೆ ಅಲ್ವಾ?

ಮೀನುಮರಿ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಕೈ ಕುಲುಕಬೇಕು. ಅಲ್ಲಿನ ವಿಜ್ಞಾನಿಗಳು ಇದೇ ವಿಷಯಕ್ಕೆ ಜಗಳವಾಡುತ್ತಿದ್ದಾರೆ.

ಒಂದು ಗುಂಪು 2023ರಲ್ಲಿ ಹೇಳಿದ್ದು: ಒಟ್ಟು ಸಂಖ್ಯೆ ಕುಸಿದಿಲ್ಲ, ಶಾರ್ಕ್‌ಗಳು ಪೂರ್ವಕ್ಕೆ ಸರಿದಿವೆ. ಇನ್ನೊಂದು ಗುಂಪು ಅದನ್ನು ಒಪ್ಪುವುದಿಲ್ಲ. ಪೂರ್ವಕ್ಕೆ ಹೋಗಿದ್ದರೆ ಅಲ್ಲಿ ಅಷ್ಟೊಂದು ಕಾಣಬೇಕಿತ್ತಲ್ಲ, ಎಲ್ಲಿ? ಅಂತ ಕೇಳುತ್ತದೆ. ದೇಶದ ಪೂರ್ವದ ಕ್ವಾಜುಲು-ನಟಾಲ್ ತೀರದಲ್ಲಿ ಈಜುವವರ ರಕ್ಷಣೆಗೆ ಅಂತ ಬಲೆ, ಗಾಳ ಹಾಕುತ್ತಾರೆ. ಹೆಸರು ರಕ್ಷಣೆ, ಕೆಲಸ ಶಾರ್ಕ್ ಕೊಲ್ಲುವುದು. ಬಿಳಿ ಶಾರ್ಕ್‌ಗಳೂ ಸಾಯುತ್ತವೆ. ಇನ್ನೊಂದು ಕಡೆ ಉದ್ದದ ಗಾಳದ ದೋಣಿಗಳು ಸಣ್ಣ ಜಾತಿಯ ಶಾರ್ಕ್‌ಗಳನ್ನು ಹಿಡಿದು ಖಾಲಿ ಮಾಡುತ್ತಿವೆ. ಅವು ಬಿಳಿ ಶಾರ್ಕ್‌ನ ಆಹಾರ. 1991ರಲ್ಲಿ ಜಗತ್ತಿನಲ್ಲೇ ಮೊದಲು ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟ ದೇಶದಲ್ಲಿ ಇದೆಲ್ಲ ನಡೆಯುತ್ತದೆ.

ಓರ್ಕಾ ಬಂದ ದಿನ ಶಾರ್ಕ್ ಓಡುತ್ತದೆ. ಅದು ಕಣ್ಣಿಗೆ ಕಾಣುವ ಕಾರಣ. ಮೊದಲೇ ಕಡಿಮೆಯಾಗಿದ್ದವು ಓಡಿದವಾ ಅನ್ನುವುದು ಬೇರೆ ಪ್ರಶ್ನೆ. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 33 ವರ್ಷ ಬೇಕು. 2014ರಲ್ಲಿ ಉಪ್ಪುನೀರು ಸರ್ ನೋಡಿದ ಏಳರಲ್ಲಿ ಹೆಚ್ಚಿನವು ಇನ್ನೂ ಮಕ್ಕಳು. ಒಂದು ಸತ್ತರೆ ಅದರ ಜಾಗ ತುಂಬಲು ನಮ್ಮ ಅರ್ಧ ಆಯಸ್ಸು ಹೋಗುತ್ತದೆ.

ದೂರ ಹೋಗುವ ತಾಕತ್ತು ಮಾತ್ರ ಅವಕ್ಕೆ ಇದೆ. ನಿಕೋಲ್ ಅಂತ ಹೆಸರಿಟ್ಟ ಹೆಣ್ಣು ಶಾರ್ಕ್‌ಗೆ 2003ರಲ್ಲಿ ಇದೇ ಗಾನ್ಸ್‌ಬಾಯ್ ಕಡೆ ಟ್ಯಾಗ್ ಹಾಕಿದ್ದರು. 99 ದಿನದಲ್ಲಿ 11,000 ಕಿಲೋಮೀಟರ್ ಈಜಿ ಆಸ್ಟ್ರೇಲಿಯಾ ಮುಟ್ಟಿತು. ಒಂಬತ್ತು ತಿಂಗಳೊಳಗೆ ತಿರುಗಿ ಅದೇ ಜಾಗಕ್ಕೆ ಬಂತು.

ತಲೆಸುತ್ತು

11,000 ಕಿಲೋಮೀಟರ್ ಸಮುದ್ರದಲ್ಲಿ! ನನಗೆ ಓದಿಯೇ ಹೊಟ್ಟೆ ತೊಳಸಿತು.

ಉಪ್ಪುನೀರು

ಸುಮ್ನೆ ಓದುವವರೇ, ನಿಮ್ಮ ವಿಷಯಕ್ಕೆ ಬರೋಣ. ಬಿಳಿ ಶಾರ್ಕೇ ಬೇಕು ಅಂದರೆ ಅದೇ ದೇಶದಲ್ಲಿ ಪೂರ್ವಕ್ಕೆ ಮೊಸೆಲ್ ಬೇ ಇದೆ, ಅಲ್ಲಿ ಗಾನ್ಸ್‌ಬಾಯ್‌ಗಿಂತ ಕಾಣುವ ಸಂಭವ ಜಾಸ್ತಿ. ಆದರೆ ಪೋರ್ಟ್, ಸ್ಟಾರ್‌ಬೋರ್ಡ್ ಅಲ್ಲಿಗೂ ಹೋಗುತ್ತವೆ. ಹೆಚ್ಚು ನಂಬಿಕೆ ಇಡಬಹುದಾದ್ದು ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳು. ಪೋರ್ಟ್ ಲಿಂಕನ್ ಅನ್ನುವ ಊರಿನಿಂದ ಹೋಗಬೇಕು, ದೂರ, ಖರ್ಚು. ಅಲ್ಲಿ ಸಮುದ್ರದ ತಳಕ್ಕೆ ಇಳಿಸುವ ಪಂಜರವೂ ಇದೆ, ಅದಕ್ಕೆ ಮಾತ್ರ ಡೈವಿಂಗ್ ಸರ್ಟಿಫಿಕೇಟ್ ಬೇಕು. ತಳದಲ್ಲಿ ಎರೆಯ ಗಲಾಟೆ ಇಲ್ಲ. ಶಾರ್ಕ್ ನಿಧಾನ ಬರುತ್ತದೆ, ತಿರುಗಿ ನೋಡುತ್ತದೆ. ಕಣ್ಣು ಕಪ್ಪು ಅಂತ ಎಲ್ಲರೂ ಹೇಳುತ್ತಾರೆ, ಹತ್ತಿರದಿಂದ ನೋಡಿದರೆ ಕಡುನೀಲಿ. ನಾನು ಅದನ್ನು ಒಂದೇ ಸಲ ನೋಡಿದ್ದೇನೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ನೀಲಿ ಬರುತ್ತದೆ.

ಎಲ್ಲೇ ಹೋಗಿ, ಹಣ ಕಟ್ಟುವ ಮೊದಲು ಕೇಳಿ: ಕಳೆದ ಮೂವತ್ತು ದಿನದಲ್ಲಿ ಎಷ್ಟು ಬಿಳಿ ಶಾರ್ಕ್ ನೋಡಿದಿರಿ? ದಿನ ದಿನದ ಲೆಕ್ಕ ಎಲ್ಲಿ ಹಾಕುತ್ತೀರಿ? ಉತ್ತರದಲ್ಲಿ "ಶಾರ್ಕ್" ಅಂತ ಮಾತ್ರ ಇದ್ದರೆ ಮತ್ತೆ ಕೇಳಿ.

ಸುಮ್ನೆ ಓದುವವ

ಎರಡು ಕಡೆ ಬರೆದಿದ್ದೆ. ಒಬ್ಬರು ಬಾಯಿ ತೆರೆದ ಶಾರ್ಕ್‌ನ ಇನ್ನೂ ಮೂರು ಫೋಟೊ ಕಳಿಸಿದರು, ಉತ್ತರ ಇಲ್ಲ. ನಾವು ಬುಕ್ ಮಾಡಿದ ಕಡೆಯವರು ನೇರ ಬರೆದರು: "ಕಳೆದ ಮೂವತ್ತು ದಿನದಲ್ಲಿ ಬಿಳಿ ಶಾರ್ಕ್ ಇಲ್ಲ. ಬ್ರಾಂಜ್ ವೇಲರ್ ಹೆಚ್ಚುಕಡಿಮೆ ದಿನಾ ಬರುತ್ತಿವೆ. ಸೀಲ್, ಪೆಂಗ್ವಿನ್ ನೋಡಬಹುದು. ಬೇಡ ಅಂದರೆ ಹಣ ವಾಪಸ್ ಕೊಡುತ್ತೇವೆ."

ಅದನ್ನು ಓದಿದ ಮೇಲೆ ಕ್ಯಾನ್ಸಲ್ ಮಾಡಲು ಮನಸ್ಸೇ ಬರಲಿಲ್ಲ. ಹೋಗುತ್ತಿದ್ದೇವೆ. ಒಂದರ ಬದಲು ಮೂರು ದಿನ ಇಟ್ಟುಕೊಂಡಿದ್ದೇವೆ. ನೀರು 14 ಡಿಗ್ರಿ ಅಂತ ಗೊತ್ತಾದ ಮೇಲೆ ಹೆಂಡತಿ, "ನಾನು ದೋಣಿಯ ಮೇಲೇ ಇರುತ್ತೇನೆ, ನೀವು ಮುಳುಗಿ" ಅಂದಿದ್ದಾಳೆ.

ಹುಳಿಮಾತು

ಬುದ್ಧಿವಂತೆ. ಆ ಕಂಪನಿಯವರೂ ಪರವಾಗಿಲ್ಲ. ಇಷ್ಟು ಹೇಳುವುದಕ್ಕೇ ನನಗೆ ಕಷ್ಟವಾಗುತ್ತಿದೆ.

ಸುಮ್ನೆ ಓದುವವ

ಕಾಗೆಯವರೇ, ಕೊನೆಯ ಪ್ರಶ್ನೆ. ನೀವು ನೋಡಿದ ಆ ತಾಮ್ರದ ಶಾರ್ಕ್‌ನ ಫೋಟೊ ಇದೆಯಾ? ನಮಗೂ ಅದೇ ಸಿಗುವುದಾದರೆ ಹೇಗಿರುತ್ತದೆ ಅಂತ ನೋಡೋಣ.

ದಡದಕಾಗೆ

ಒಂದೇ ಒಂದು ಇದೆ. ಅರ್ಧ ನನ್ನ ಹೆಬ್ಬೆರಳು, ಕಾಲು ಭಾಗ ಪಕ್ಕದವನ ಮೊಣಕೈ, ಉಳಿದದ್ದು ಗುಳ್ಳೆ. ಮೂಲೆಯಲ್ಲಿ ಬಾಲದ ತುದಿ. ಬಿಸಿಲು ಬಿದ್ದು ಹೊಸ ತಾಮ್ರದ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಬಂದ ದಿನ ಅಳಿಸಿಹಾಕಬೇಕು ಅಂತಿದ್ದೆ. ಈಗ ಹಾಕುತ್ತೇನೆ, ತಾಳಿ, ಹುಡುಕಬೇಕು.